ತತ್ತಿ ಚೆಂಡಿನ ಮಳೆಗಾಲ

ಹೋದ ತಿಂಗಳು ಶಹಾಬಾದಿಗೆ ಹೋಗಿದ್ದೆ, ತಮ್ಮನ ಮಗ ಕಟ್ಟಿಸಿದ ಹೊಸ ಮನೆ ನೋಡಲಿಕ್ಕೆ. ಹೊರಗೆ ಮಳೆ ಜಿಟಿಜಿಟಿ ಹಿಡಿದಿತ್ತು. ಪಡಸಾಲೆಯಲ್ಲಿ ಬಡಿಗ ಕೂತು ತಲಬಾಗಿಲಿನ ಕಟ್ಟಿಗೆಗೆ ಅಗಸಿ ಎಣ್ಣೆ ತಿಕ್ಕುತ್ತಿದ್ದ. ಆ ವಾಸನೆ ಮೂಗಿಗೆ ಬಂದದ್ದೇ ತಡ, ಚಹದ ಬಸಿ ಕೈಯಲ್ಲಿ ಹಿಡಿದವನು ಹಾಗೇ ನಗಲಿಕ್ಕೆ ಶುರು ಮಾಡಿದೆ.

"ಯಾಕ್ರಿ ದೊಡ್ಡಪ್ಪ, ಏನಾತು?" ಅಂದ ಹುಡುಗ.

"ಏನಿಲ್ಲಪ್ಪ. ಚೆಂಡಿನ ವಾಸನಿ ಬಂತು."

ಅವನು ಬಡಿಗನ ಮುಖ ನೋಡಿದ, ಬಡಿಗ ಅವನ ಮುಖ ನೋಡಿದ. ಅರವತ್ತು ದಾಟಿದ ಮೇಲೆ ಅರಳು ಮರಳು ಅಂದುಕೊಂಡಿರಬೇಕು. ಆದರೆ ನಾನು ಹೇಳಿದ್ದು ಖರೆ. ಈ ಊರಲ್ಲಿ ನಾನು ಕಳೆದ ಒಂದು ಮಳೆಗಾಲಕ್ಕೆ ಪೂರಾ ಅಗಸಿ ಎಣ್ಣೆಯದೇ ವಾಸನೆ.

ನಿಜಾಮರ ಕಾಲ ಅದು. ನನಗಾಗ ಇಪ್ಪತ್ಮೂರು. ಕಲಬುರ್ಗಿಯಲ್ಲಿ ಉರ್ದು ಶಾಲೆ ಕಲಿತು, ಅಷ್ಟಿಷ್ಟು ಇಂಗ್ಲಿಷನ್ನು ಗಂಟು ಕಟ್ಟಿಕೊಂಡು, ಶಹಾಬಾದಿನ ಹೊರಗೆ ಒಂದು ಫರಸಿ ಖಣಿಯಲ್ಲಿ ಮುನ್ಷಿಯಾಗಿದ್ದೆ. ಫರಸಿ ಅಂದರೆ ನಮ್ಮ ಕಡೆಯ ಹಾಸುಗಲ್ಲು. ನೆಲದೊಳಗೆ ರೊಟ್ಟಿ ಒಟ್ಟಿಟ್ಟ ಹಾಗೆ ಪದರ ಪದರವಾಗಿ ಇರುತ್ತದೆ. ಮುಂಜಾನೆ ಹಾಜರಿ ಬರೆಯುವುದು, ಇಂಜಿನಿಯರ್ ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಆಳುಗಳಿಗೆ ನಮ್ಮ ಮಾತಿನಲ್ಲಿ ಹೇಳುವುದು, ಆಳುಗಳು ಬೈದದ್ದನ್ನು ಸಾಹೇಬರಿಗೆ ಹೇಳದೆ ಇರುವುದು, ಇದು ನನ್ನ ಕೆಲಸ. ಸಾಹೇಬರ ಹೆಸರು ಗ್ರಿಫಿತ್. ನಲವತ್ತರ ಆಸುಪಾಸಿನ ಗಿಡ್ಡ ಆಳು, ಮುರಿದು ಕೂಡಿದ ಮೂಗು, ಎತ್ತಿನ ಹಿಣಿಲಿನಂಥ ಕುತ್ತಿಗೆ. ಬಂದ ಎಂಟು ದಿನಕ್ಕೇ ನಮ್ಮವರ ಬಾಯಲ್ಲಿ ಅವರು 'ಗಿರಿಪತಿ ಸಾಹೇಬ' ಆದರು.

ಆ ವರ್ಷ ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಹಿಡಿದದ್ದು ಬಿಡಲೇ ಇಲ್ಲ. ಕಾಗಿಣಾ ಹೊಳೆ ಎರಡೂ ದಂಡೆ ತುಂಬಿತು. ನಮ್ಮ ಖಣಿ ಕೆರೆಯಾಯಿತು. ಮಧ್ಯಾಹ್ನದ ತನಕ ನೀರು ಹೊರಹಾಕುವುದು, ಆಮೇಲೆ ತಗಡಿನ ಛಪ್ಪರದ ಕೆಳಗೆ ಕೂತು ಬೀಡಿ ಸೇದುವುದು, ಬೀಡಿ ತೀರಿದ ಮೇಲೆ ಜಗಳಾಡುವುದು. ಇಷ್ಟೇ ಕೆಲಸ. ಅಂಥ ಒಂದು ಮಧ್ಯಾಹ್ನ ಸಾಹೇಬರು ಕಂಕುಳಲ್ಲಿ ಒಂದು ಚರ್ಮದ ಗಂಟು ಇಟ್ಟುಕೊಂಡು ಬಂದರು. ಎರಡೂ ತುದಿ ಚೂಪು, ನಡುವೆ ದಪ್ಪ. ಹಳೇ ಅರಿವೆಯಿಂದ ಅದಕ್ಕೆ ಅಗಸಿ ಎಣ್ಣೆ ಹಚ್ಚಿ ತಿಕ್ಕುತ್ತಾ ನಮ್ಮ ನಡುವೆ ಕೂತರು. ನೀರು ಒಳಗೆ ಇಳಿಯಬಾರದಲ್ಲ, ಅದಕ್ಕೆ.

"ಇದು ಯಾವ ಹಕ್ಕಿ ತತ್ತೀರಿ ಸಾಹೇಬ್ರ?" ಅಂದ ಮಲ್ಲಣ್ಣ. ಅವನು ನಮ್ಮ ಮುಕದ್ದಮ, ಆಳುಗಳ ಮೇಲಿನವನು, ಚಿತ್ತಾಪುರ ಕಡೆಯ ಗೌಡರ ಮನೆತನ. ಅವನ ಮನೆಯ ಪಡಸಾಲೆ ಕೋಣೆಯಲ್ಲೇ ನಾನು ಬಾಡಿಗೆಗಿದ್ದದ್ದು.

ಸಾಹೇಬರು ಆಟ ವಿವರಿಸಿದರು, ನಾನು ಕನ್ನಡದಲ್ಲಿ ಹೇಳಿದೆ. ಆಟದ ಹೆಸರು ರಗ್ಬಿ. ಒಂದೊಂದು ಕಡೆಗೆ ಹದಿನೈದು ಮಂದಿ. ಚೆಂಡು ಅಪ್ಪಿಕೊಂಡು ಮುಂದೆ ಓಡಬೇಕು. ಇನ್ನೊಬ್ಬನಿಗೆ ಕೊಡಬೇಕಾದರೆ ಹಿಂದಿನವನಿಗೇ ಒಗೆಯಬೇಕು. ಎದುರಿನವರ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಹಚ್ಚಬೇಕು.

"ಮುಂದ ಓಡೋದು, ಹಿಂದ ಒಗಿಯೋದು! ಉಲ್ಟಾ ಖೇಲ್ ಅದ ಇದು," ಅಂತ ಖಾಜಾ ತೊಡೆ ತಟ್ಟಿಕೊಂಡು ನಕ್ಕ. ಬಂಡೆ ಸಿಡಿಸುವ ಬತ್ತಿಗೆ ಬೆಂಕಿ ಹಚ್ಚಿ ಓಡುವ ಕೆಲಸ ಖಾಜಾನದು. ಅವನಷ್ಟು ಜೋರು ಓಡುವವನು ಸೇಡಂ ತನಕ ಹುಡುಕಿದರೂ ಸಿಗುತ್ತಿರಲಿಲ್ಲ. ನಿಧಾನ ಓಡಿದ್ದರೆ ಅವನು ಉಳಿಯುತ್ತಲೇ ಇರಲಿಲ್ಲ.

ಇದು ತಮ್ಮ ದೇಶದ ಆಟ, ದೇಶದ ಹೆಸರು ವೇಲ್ಸ್ ಅಂದರು ಸಾಹೇಬರು.

"ಲಂಡನ್ ಬಾಜೂಕ ಏನ್ರಿ?" ಅಂದ ಮಲ್ಲಣ್ಣ. ನಾನು ಕೇಳಿದೆ. ಸಾಹೇಬರ ಮುಖ ಕೆಂಪಗಾಯಿತು. ತಾವು ಅಂಗ್ರೇಜರಲ್ಲ ಅಂದರು. ನಾನು ಅದನ್ನು ಹೇಳಿದಾಗ ಛಪ್ಪರದಲ್ಲಿ ಬೀಡಿ ಸೇದುವವರು ಸೇದುವುದು ಬಿಟ್ಟರು.

"ಅಂಗ್ರೇಜ್ರಲ್ಲಾ? ಮತ್ತ ಅಂಗ್ರೇಜ್ರು ಇವರಿಗಿ ಏನಾಗಬೇಕು?"

"ಬಾಜೂ ಮನಿಯವರಂತ," ಅಂದೆ ಸಾಹೇಬರನ್ನು ಕೇಳಿ.

"ಹಂಗಂದ್ರ ಜಗಳ ಇರಲೇಬೇಕು ಬಿಡ್ರಿ," ಅಂದ ಮಲ್ಲಣ್ಣ, ದೊಡ್ಡ ತೊಡಕು ಬಿಡಿಸಿದವರ ಹಾಗೆ.

ಆವತ್ತಿನಿಂದ ದಿನಾ ಸಂಜೆ ಮಳೆಯ ಸಪ್ಪಳದಲ್ಲಿ ನಾವು ವೇಲ್ಸಿನ ಕಥೆ ಕೇಳಿದೆವು. ಸಣ್ಣ ದೇಶ, ಗುಡ್ಡ, ಮಳೆ, ಕಲ್ಲಿದ್ದಲ ಖಣಿ, ಕಲ್ಲಿನ ಖಣಿ. ಖಣಿಯಿಂದ ಕರ್ರಗೆ ಮೇಲೆ ಬಂದ ಆಳುಗಳೇ ಮುಖ ತೊಳೆದು ಕೆಂಪು ಅಂಗಿ ಹಾಕಿ ದೇಶದ ಪರವಾಗಿ ಆಡುವವರು. ಪ್ರತಿ ವರ್ಷ ಅಂಗ್ರೇಜರ ಕೂಡ, ಸ್ಕಾಟ್ಲಂಡಿನವರ ಕೂಡ, ಐರ್ಲಂಡಿನವರ ಕೂಡ ಅವರ ಕುಸ್ತಿ. ಸಾಹೇಬರು ಹತ್ತು ವರ್ಷದವರಿದ್ದಾಗ ಭೂಮಿಯ ಆ ತುದಿ ನ್ಯೂಜಿಲೆಂಡಿನಿಂದ ಕರೀ ಅಂಗಿಯ ತಂಡ ಒಂದು ಹಡಗಿನಲ್ಲಿ ಬಂತಂತೆ. ಬಂದವರು ಎಲ್ಲರನ್ನೂ ಸೋಲಿಸಿದರು, ಅಂಗ್ರೇಜರನ್ನೂ. ಕಡೆಗೆ ವೇಲ್ಸಿಗೆ ಬಂದರು. ಆಟಕ್ಕೆ ಮೊದಲು ತೊಡೆ ತಟ್ಟಿ, ಕಣ್ಣು ಬಿಟ್ಟು ಯುದ್ಧದ ಕುಣಿತ ಕುಣಿದರು. ಅದಕ್ಕೆ ಉತ್ತರವಾಗಿ ವೇಲ್ಸಿನ ಆಟಗಾರರು ತಮ್ಮ ಭಾಷೆಯಲ್ಲಿ ಹಾಡಿದರು. ನೋಡಲಿಕ್ಕೆ ಬಂದ ಸಾವಿರಾರು ಮಂದಿಯೂ ದನಿಗೂಡಿಸಿದರು. ಆವತ್ತು ಒಂದೇ ಒಂದು ಸಲ ಚೆಂಡು ಗೆರೆ ದಾಟಿತು. ದಾಟಿಸಿದವರು ವೇಲ್ಸಿನವರು.

"ಭಲೇ!" ಅಂತ ಛಪ್ಪರವೆಲ್ಲ ಕೂಗಿತು, ನಿನ್ನೆ ನಮ್ಮೂರಲ್ಲೇ ಆದ ಹಾಗೆ.

ಆ ಭಾಷೆಯ ಮಾತು ಬಂದಾಗ ಸಾಹೇಬರು ತಮ್ಮ ಅಪ್ಪನ ಕಥೆ ಹೇಳಿದರು. ಸಣ್ಣವರಿದ್ದಾಗ ಶಾಲೆಯಲ್ಲಿ ಮನೆಯ ಮಾತು ಆಡಿದ್ದಕ್ಕೆ ಮಾಸ್ತರರು ಅವರ ಕೊರಳಿಗೆ ಕಟ್ಟಿಗೆಯ ತುಂಡು ಕಟ್ಟಿ ನಿಲ್ಲಿಸಿದ್ದರಂತೆ. ಇದನ್ನು ಕನ್ನಡದಲ್ಲಿ ಹೇಳುವಾಗ ನನ್ನ ನಾಲಿಗೆ ತಡವರಿಸಿತು. ನಾನು ಕಲಿತ ಶಾಲೆಯಲ್ಲಿ ಕನ್ನಡವನ್ನು ನಾವು ಹಿತ್ತಲಲ್ಲಿ ಪಿಸುಮಾತಿನಲ್ಲಿ ಆಡುತ್ತಿದ್ದೆವು.

ಮೊದಲನೆಯ ದೊಡ್ಡ ಯುದ್ಧದ ಮೇಲೆ ಅಲ್ಲಿಯ ಖಣಿಗಳು ಮುಚ್ಚಿದವು, ಆಳುಗಳು ದುಡಿಮೆ ಹುಡುಕಿ ಊರು ಬಿಟ್ಟರು, ವೇಲ್ಸ್ ವರ್ಷಗಟ್ಟಲೆ ಸೋಲತೊಡಗಿತು. ಆ ಸೋಲಿನ ಕಾಲದಲ್ಲಿ ಒಂದೇ ಒಂದು ಸಲ ಗಿರಿಪತಿ ಸಾಹೇಬರಿಗೂ ಕೆಂಪು ಅಂಗಿ ಸಿಕ್ಕಿತ್ತು. ಆವತ್ತೂ ಸೋತರು. ಮತ್ತೆ ಅವರನ್ನು ಕರೆಯಲಿಲ್ಲ.

ಛಪ್ಪರದ ಆ ತುದಿಯಿಂದ ಎಲ್ಲಪ್ಪ ಕೇಳಿದ: "ಸೋತ ಮ್ಯಾಲ ಅಂಗಿ ಹೊಳ್ಳಿ ತಗೊಂಡ್ರೇನ್ರಿ?"

ಸಾಹೇಬರು ಮೊದಲ ಸಲ ಬಾಯ್ತುಂಬ ನಕ್ಕರು. ಮರುದಿನ ಆ ಅಂಗಿ ತಂದು ತೋರಿಸಿದರು. ಮೊಣಕೈ ಹತ್ತಿರ ನುಸಿ ತಿಂದಿತ್ತು. ನಾವೆಲ್ಲ ಕೈ ಒರೆಸಿಕೊಂಡು ಒಬ್ಬೊಬ್ಬರಾಗಿ ಮುಟ್ಟಿ ನೋಡಿದೆವು.

ಎಲ್ಲಪ್ಪ ಊರ ಹೊರಗಿನ ಕೇರಿಯವನು. ನಾಲ್ಕು ಮಂದಿ ಎತ್ತುವ ಫರಸಿಯನ್ನು ಒಬ್ಬನೇ ನಿಲ್ಲಿಸುತ್ತಿದ್ದ. ಆಟಕ್ಕೆ ಅಂಥವನೇ ಬೇಕಿತ್ತು. ಯಾಕೆಂದರೆ ಈ ಆಟದಲ್ಲಿ ಸ್ಕ್ರಮ್ ಅಂತ ಒಂದಿದೆ. ಎಂಟು ಮಂದಿ ಹೆಗಲಿಗೆ ಹೆಗಲು ಹೆಣೆದು, ತಲೆ ತಗ್ಗಿಸಿ, ಎದುರಿನ ಎಂಟು ಮಂದಿಯನ್ನು ಎತ್ತುಗಳ ಹಾಗೆ ನೂಕುವುದು. ನಮ್ಮವರು ಅದನ್ನು 'ಸಕ್ಕರಮ್ಮ' ಮಾಡಿದರು. "ಸಕ್ಕರಮ್ಮ ಕಟ್ರಲೇ!" ಅಂದರೆ ಎಲ್ಲ ಬೀಡಿ ಒಗೆದು ಏಳುವರು. ಮುಂದಿನ ಸಾಲಿನ ನಡುವೆ ಮಲ್ಲಣ್ಣ, ಅವನ ಎಡಕ್ಕೆ ಎಲ್ಲಪ್ಪ ಅಂತ ಸಾಹೇಬರು ಗೊತ್ತು ಮಾಡಿದ ದಿನ ಮಲ್ಲಣ್ಣ ಆಕಾಶ ನೋಡುತ್ತ ನಿಂತ. ಎಲ್ಲಪ್ಪ ಅವನನ್ನು ನೋಡಿದ, ತಿರುಗಿ ಹೋಗಿ ಕಲ್ಲಿನ ಮೇಲೆ ಕೂತ.

"ಅವನಿಗೇನಾಯಿತು?" ಅಂತ ಸಾಹೇಬರು ನನ್ನನ್ನು ಕೇಳಿದರು.

ನಾನು ಎಲ್ಲಪ್ಪನ ಹತ್ತಿರ ಹೋದೆ. "ಆಡ್ತೀನ್ರಿ," ಅಂದ ಅವನು. "ಹೆಗಲಿಗಿ ಹೆಗಲ ಕೊಡ್ತೀನಿ. ಆದ್ರ ಆಟ ನಿಂತಾಗ ಎಲ್ಲರೂ ಕುಡಿಯೋ ಗಡಿಗಿನಾಗ, ಎಲ್ಲರೂ ಕುಡಿಯೋ ಚರಗಿಲೇ ನೀರು ಕುಡೀತೀನಿ. ಮ್ಯಾಲಿಂದ ಬೊಗಸಿಗಿ ಹುಯ್ಯೋದು ನಡಿಯಂಗಿಲ್ಲ. ಹಿಂಗಂತ ಸಾಹೇಬ್ರಿಗಿ ಹೇಳ್ರಿ."

ನಾನು ಸಾಹೇಬರ ಕಡೆ ತಿರುಗಿದೆ. ನಮ್ಮ ಮನೆಯ ಹೊಲಸನ್ನು ಪರದೇಶದವನ ಮುಂದೆ ಹೇಗೆ ಹೇಳಲಿ ಅನ್ನಿಸಿತು. ಅವನ ಕಾಲಿಗೆ ನೋವಾಗಿದೆ ಅಂದುಬಿಟ್ಟೆ.

ಸಾಹೇಬರು ಬಗ್ಗಿ ಎಲ್ಲಪ್ಪನ ಕಾಲು ನೋಡಿದರು. ಎಲ್ಲಪ್ಪನಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ತನ್ನ ಕಾಲು ನೋಡಿಕೊಂಡ, ನನ್ನ ಮುಖ ನೋಡಿದ.

"ಮುನ್ಷಿಯೋರ, ನನ್ನ ಕಾಲಿಗಿ ಏನಾಗ್ಯಾದ ಅಂತ ಹೇಳಿದ್ರಿ?"

ಅಂಥ ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ. ಎಲ್ಲರೆದುರು ಇದ್ದದ್ದು ಇದ್ದ ಹಾಗೆ ಹೇಳಿದೆ, ಒಂದು ಸಲ ಇಂಗ್ಲಿಷಿನಲ್ಲಿ, ಒಂದು ಸಲ ಕನ್ನಡದಲ್ಲಿ. ಸಾಹೇಬರು ಕೈಯಲ್ಲಿದ್ದ ಚೆಂಡನ್ನು ತಿರುಗಿಸಿದರು. "ನೂಕಿ ಅಂತ ಹುಕುಂ ಮಾಡಬಲ್ಲೆ. ಗಡಿಗೆ ನಿಮ್ಮದು, ಅದರ ಮಾತು ನೀವೇ ಮುಗಿಸಿಕೊಳ್ಳಿ," ಅಂದರು. ಮಲ್ಲಣ್ಣ ರುಮಾಲು ಸುತ್ತಿಕೊಂಡು ಮನೆಗೆ ನಡೆದ. ಮೂರು ದಿನ ಆಟದ ಕಡೆ ಹಾಯಲಿಲ್ಲ. ಅಷ್ಟರಲ್ಲಿ ಸಾಹೇಬರು ವಾಡಿಯ ರೈಲ್ವೆ ತಂಡಕ್ಕೆ ಪಂದ್ಯದ ಕಾಗದ ಬರೆದಾಗಿತ್ತು. ಅವರು ಒಪ್ಪಿಯೂ ಆಗಿತ್ತು.

ಮೂರನೆಯ ದಿನ ಊಟಕ್ಕೆ ಕೂತಿದ್ದೆವು. ಮಲ್ಲಣ್ಣನ ತಾಯಿ ನೀಲಮ್ಮ ರೊಟ್ಟಿ ತಟ್ಟುತ್ತಿದ್ದಳು. ಊರಿನ ಮಾತು ಅವಳ ಕಿವಿಗೂ ಬಿದ್ದಿತ್ತು.

"ಅಲ್ಲೋ ಮಲ್ಯಾ," ಅಂದಳು ಹಂಚಿನ ಮೇಲಿಂದ ಕಣ್ಣೆತ್ತದೆ. "ತತ್ತಿ ತಿನ್ನದ ಮನ್ಯಾಗ ಹುಟ್ಟಿ, ದಿನಾ ತತ್ತಿ ಅಪಗೊಂಡು ಕೆಸರಾಗ ಉಳ್ಳಾಡಲಿಕ್ಕ ನಿನಗ ನಾಚಿಕಿ ಬರಲಿಲ್ಲ. ಮನುಷ್ಯಾನ ಹೆಗಲ ಹಿಡೀಲಿಕ್ಕ ಬಂತೇನು?"

ನನಗೆ ನಗೆ ತಡೆಯಲಾಗಲಿಲ್ಲ. ನೀಲಮ್ಮ ನನ್ನ ಕಡೆ ತಿರುಗಿದಳು. "ನೀವ್ಯಾಕ ನಗ್ತೀರಿ ಮುನ್ಷಿಯೋರ? ನೀವೂ ಲಿಂಗ ಕಟಗೊಂಡವರೇ. ಮುಂಜಾನೆದ್ದು ಬಸವಣ್ಣ ಬಸವಣ್ಣ ಅಂತೀರಿ. ಅವನ ಕಾಲ ಬ್ಯಾನಿ ಅಂತ ಸುಳ್ಳು ಹೇಳಿದವರು ಯಾರು?" ಮಲ್ಲಣ್ಣನ ಕಿವಿ ಕೆಂಪಗಾದವು. ಇಬ್ಬರೂ ತಾಟಿನಲ್ಲಿ ಮುಖ ಹುಗಿದು ಉಂಡೆವು.

ಮರುದಿನ ಸಂಜೆ ಮಳೆಯಲ್ಲಿ ಮಲ್ಲಣ್ಣ ಬಂದ. ಯಾರ ಕೂಡಲೂ ಮಾತಾಡಲಿಲ್ಲ. ನೇರ ಹೋಗಿ ಎಲ್ಲಪ್ಪನ ಹೆಗಲ ಮೇಲೆ ಕೈ ಹಾಕಿದ.

"ಮೊದಲ ನೀರ್ರೀ, ಗೌಡ್ರ," ಅಂದ ಎಲ್ಲಪ್ಪ. ಗಡಿಗೆಯ ಹತ್ತಿರ ಹೋದ, ಚರಗಿ ತುಂಬಿಕೊಂಡ, ಗಟಗಟ ಕುಡಿದ. ಮತ್ತೆ ತುಂಬಿ ಮಲ್ಲಣ್ಣನ ಮುಂದೆ ಹಿಡಿದ. ಮಲ್ಲಣ್ಣ ಚರಗಿ ಇಸಗೊಂಡ. ಕಣ್ಣು ಮುಚ್ಚಿ ಕುಡಿದ. ಆಮೇಲೆ ನಾನು, ಆಮೇಲೆ ಖಾಜಾ. ಹಾಗೇ ಚರಗಿ ಸುತ್ತು ಹೊಡೆಯಿತು. ಇಬ್ಬರು ಮಾತ್ರ ಎದ್ದು ಚಪ್ಪಲಿ ಮೆಟ್ಟಿ ಹೋದರು. ಅವರು ಮತ್ತೆಂದೂ ನಮ್ಮ ಕೂಡ ನೀರು ಕುಡಿಯಲಿಲ್ಲ, ಆಡಲೂ ಇಲ್ಲ. ಹೆಸರು ಬರೆಯುವುದಿಲ್ಲ, ಅವರ ಮಕ್ಕಳು ನನಗೆ ಬೇಕಾದವರು.

ಅಲ್ಲಿಗೆ ತಂಡಕ್ಕೆ ಇಬ್ಬರು ಕಡಿಮೆ ಬಿದ್ದರು. ಒಂದು ಜಾಗಕ್ಕೆ ಸಾಹೇಬರೇ ನಿಂತರು. ಇನ್ನೊಂದಕ್ಕೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಆಗ ಗಾಳಿಗೆ ಹಾರುವ ಹಾಗಿದ್ದೆ. "ನನ್ನ ಕಾಲ ಬ್ಯಾನಿ ಅದ," ಅಂದೆ. ಎಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ತಂಡದಲ್ಲಿ ಸೇರಿದೆ.

ಅಲ್ಲಿಂದ ಮುಂದಿನ ಇಪ್ಪತ್ತು ದಿನ ನನ್ನ ಬಾಳಿನಲ್ಲೇ ಬೇರೆ. ಖಣಿಯ ಪಕ್ಕದ ಎರೆ ಹೊಲ ನಮ್ಮ ಮೈದಾನ. ಒಂದು ಹೆಜ್ಜೆಗೆ ಒಂದು ಸೇರು ಮಣ್ಣು ಕಾಲಿಗೆ ಮೆತ್ತುತ್ತಿತ್ತು. ಸಂಜೆ ಬಾವಿಗೆ ಹೋಗಿ ತೊಳೆದುಕೊಂಡ ಮೇಲೆಯೇ ಯಾರು ಯಾರು ಅಂತ ಗುರುತು ಸಿಗುತ್ತಿತ್ತು. ವೇಲ್ಸಿನ ಹಾಗೆ ನಮಗೂ ಕೆಂಪು ಅಂಗಿ ಬೇಕು ಅಂತ ಹಟ ಹಿಡಿದು, ಬಜಾರಿನ ಬಣ್ಣಗಾರನ ಹತ್ತಿರ ಹದಿನೈದು ಬನಿಯನ್ನಿಗೆ ಬಣ್ಣ ಹಾಕಿಸಿದೆವು.

ಭಾದ್ರಪದದ ಒಂದು ಐತವಾರ ಪ್ಯಾಸೆಂಜರ್ ಹತ್ತಿ ವಾಡಿಗೆ ಹೋದೆವು. ಖಣಿಯ ಗಂಡಸರು, ಹೆಂಗಸರು, ರೊಟ್ಟಿ ಬುತ್ತಿ, ಬಾರಿಸಲಿಕ್ಕೆ ಒಂದು ಹಲಗಿ, ಎಲ್ಲ ನಮ್ಮ ಜೊತೆಗೆ. ಇಂಜಿನ್ ಶೆಡ್ಡಿನ ಹಿಂದೆ ರೈಲ್ವೆಯವರ ಮೈದಾನ. ಅವರ ತಂಡದಲ್ಲಿ ಗೋರಾ ಅಧಿಕಾರಿಗಳು, ಆಂಗ್ಲೋ-ಇಂಡಿಯನ್ ಡ್ರೈವರುಗಳು, ಫೈರ್‌ಮನ್ನರು. ಬಿಳೀ ಅಂಗಿ, ಕಾಲಲ್ಲಿ ಬೂಟು. ನಮ್ಮದು ಬರಿಗಾಲು. ನಮ್ಮನ್ನು ನೋಡಿ ಅವರು ನಕ್ಕರು. ನಮ್ಮ ಕೆಂಪು ಬನಿಯನ್ ನೋಡಿ ನಾವೂ ನಕ್ಕಿದ್ದೆವು, ಹಾಗಾಗಿ ಬೇಸರವಾಗಲಿಲ್ಲ.

ಆಟ ಶುರುವಾದ ಗಳಿಗೆಯಲ್ಲೇ ಮಳೆ ಸುರಿಯಿತು. ಸುರಿದದ್ದೇ ನಮ್ಮ ಬನಿಯನ್ನಿನ ಬಣ್ಣ ಬಿಟ್ಟಿತು. ಮೊದಲನೆಯ ಸಕ್ಕರಮ್ಮ ಕಟ್ಟಿ ಬಿಡಿಸುವಷ್ಟರಲ್ಲಿ ರೈಲ್ವೆಯವರ ಬಿಳೀ ಅಂಗಿಗಳೂ ಕೆಂಪು! ಯಾರು ನಮ್ಮವರು, ಯಾರು ಅವರವರು ತಿಳಿಯದೆ ಅವರ ಡ್ರೈವರೊಬ್ಬ ಚೆಂಡನ್ನು ಚೊಕ್ಕವಾಗಿ ನಮ್ಮ ಖಾಜಾನ ಕೈಗೇ ಕೊಟ್ಟ. ಖಾಜಾ ಬತ್ತಿ ಹಚ್ಚಿದವರ ಹಾಗೆ ಓಡಿದ, ಆದರೆ ಸಂತೋಷದ ಭರದಲ್ಲಿ ಗೆರೆಯ ಹತ್ತಿರ ಜಾರಿ ಬಿದ್ದ. ನಾನು ಎಲ್ಲರ ಹಿಂದೆ ಒಬ್ಬನೇ ನಿಂತಿದ್ದೆ. ಇಂಜಿನ್ ಥರಾ ಒಬ್ಬ ಫೈರ್‌ಮನ್ ಚೆಂಡು ಹಿಡಿದು ನನ್ನ ಮೇಲೇ ಬಂದ. ಹೆದರಿ ಕಣ್ಣು ಮುಚ್ಚಿ ಕೂತುಬಿಟ್ಟೆ. ಅವನು ನನ್ನನ್ನು ಎಡವಿ, ಹಾರಿ, ಕೆಸರಿನಲ್ಲಿ ಮಾರುದ್ದ ಜಾರಿದ. "ಶಾಬಾಸ್ ಮುನ್ಷಿ!" ಅಂತ ಕೂಗಿದರು. ಯುಕ್ತಿ ಅಂದುಕೊಂಡರು. ನಾನು ಇವತ್ತಿನ ತನಕ ಅಲ್ಲ ಅಂದಿಲ್ಲ.

ಆದರೂ ಅವರು ಕಲಿತವರು. ಮೂರು ಸಲ ನಮ್ಮ ಗೆರೆ ದಾಟಿದರು. ನಾವು ಒಂದು ಸಲವೂ ಇಲ್ಲ. ಕೊನೆಕೊನೆಗೆ, ಅವರ ಗೆರೆಯಿಂದ ಐದಾರು ಹೆಜ್ಜೆ ದೂರದಲ್ಲಿ ನಮಗೊಂದು ಸಕ್ಕರಮ್ಮ ಸಿಕ್ಕಿತು. ಸಾಹೇಬರು ಚೆಂಡು ಒಳಗೆ ಉರುಳಿಸಿದರು. ಹದಿನಾರು ಮಂದಿ ಉಸಿರು ಕಟ್ಟಿ ನಿಂತಲ್ಲೇ ನಿಂತರು. ಯಾರೂ ಅಲುಗಲಿಲ್ಲ.

ಆಗ ಆ ಗಂಟಿನೊಳಗಿಂದ ಮಲ್ಲಣ್ಣನ ದನಿ ಎದ್ದಿತು, ಖಣಿಯಲ್ಲಿ ದೊಡ್ಡ ಫರಸಿ ಕದಲಿಸುವಾಗ ಹಾಕುವ ದನಿ:

"ಹಚ್ಚೋ ಹೆಗಲು!"

"ಹೈಸಾ!" ಅಂದರು ಏಳು ಮಂದಿ.

"ಕಲ್ಲಿನ ಮಗಳು!"

"ಹೈಸಾ!" ಈ ಸಲ ಅಂಚಿನಲ್ಲಿ ನಿಂತ ನಮ್ಮ ಹೆಂಗಸರೂ ಕೂಗಿದರು.

"ಎದ್ದಾಳು ನೋಡು!"

"ಹೈಸಾ!" ವಾಡಿ ಸ್ಟೇಷನ್ನಿನ ಹಮಾಲರು ಗೋಡೆ ಹತ್ತಿ ಕೂತಿದ್ದರು. ಭಾರ ಹೊರುವವರಿಗೆ ಆ ಕೂಗು ಕಲಿಸಬೇಕೇ? ಅವರೂ ಸೇರಿದರು.

"ಮುಂದಕ ದೂಡು!"

"ಹೈಸಾ!"

ಒಂದು ಗೇಣು ಹೋಯಿತು. ಒಂದು ಮೊಳ ಹೋಯಿತು. ಆಮೇಲೆ ಫರಸಿ ಒಮ್ಮೆಲೇ ಪದರ ಬಿಟ್ಟು ಜಾರುತ್ತದಲ್ಲ, ಹಾಗೆ ರೈಲ್ವೆಯ ಎಂಟೂ ಮಂದಿ ಹಿಂದಕ್ಕೆ ಜಾರಿದರು. ಎಲ್ಲರೂ ಗೆರೆಯಾಚೆ ಒಬ್ಬರ ಮೇಲೊಬ್ಬರು ಬಿದ್ದರು. ಮೇಲಿನವರನ್ನು ಎತ್ತಿ ಎತ್ತಿ ಬದಿಗಿಟ್ಟಾಗ ಎಲ್ಲರ ಕೆಳಗೆ ಎಲ್ಲಪ್ಪ, ಅವನ ಎದೆಯ ಕೆಳಗೆ ತತ್ತಿ.

ಗಿರಿಪತಿ ಸಾಹೇಬರು ಕೆಸರಿನಲ್ಲಿ ಮೊಣಕಾಲೂರಿ ಕೂತು ಏನೇನೋ ಹೇಳುತ್ತಿದ್ದರು. ಗಲ್ಲದ ಮೇಲೆ ಮಳೆಯೋ ಕಣ್ಣೀರೋ ತಿಳಿಯಲಿಲ್ಲ.

"ಏನಂತಾರ್ರಿ ಮುನ್ಷಿಯೋರ?" ಅಂದ ಖಾಜಾ.

"ನನಗೂ ಗೊತ್ತಾಗವಲ್ದು. ಆದ್ರ ಇಂಗ್ಲಿಷ್ ಅಲ್ಲ," ಅಂದೆ.

ಹಿಂದಿರುಗುವ ಗಾಡಿಯಲ್ಲಿ ನಾವು ಮಾಡಿದ ಗದ್ದಲಕ್ಕೆ ಗಾರ್ಡು ಎರಡು ಸಲ ಬಂದು ನೋಡಿ ಹೋದ. ಬುತ್ತಿ ಬಿಚ್ಚಿ ಎಲ್ಲರೂ ಎಲ್ಲರ ರೊಟ್ಟಿ ತಿಂದೆವು. "ಎಲ್ಲಪ್ಪಾ, ಶೇಂಗಾ ಹಿಂಡಿ ಇತ್ತ ಕೊಡು," ಅಂದ ಮಲ್ಲಣ್ಣ. ಆ ದಿನದವರೆಗೆ ಅವನು ಕರೆಯುತ್ತಿದ್ದದ್ದು "ಲೇ ಎಲ್ಲ್ಯಾ" ಅಂತ. ಎಲ್ಲಪ್ಪ ಒಂದು ಗಳಿಗೆ ಅವನ ಮುಖ ನೋಡಿ ಆ ಚಟ್ನಿಪುಡಿಯ ಗಂಟು ದಾಟಿಸಿದ.

ಶಹಾಬಾದಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಪ್ಲಾಟ್‌ಫಾರ್ಮಿನ ತುಂಬ ಜನ. ಎಲ್ಲರ ಮುಂದೆ ನೀಲಮ್ಮ, ಸೆರಗು ಸಿಗಿಸಿಕೊಂಡು ನಿಂತಿದ್ದಳು. ತಲೆಯಿಂದ ಕಾಲಿನ ತನಕ ಕೆಂಪಾಗಿ ಇಳಿದ ನಮ್ಮನ್ನು ನೋಡಿ, "ಯಪ್ಪಾ, ಎಲ್ಲಾರೂ ಸತ್ತು ಬಂದೀರೇನೋ!" ಅಂದಳು. ಬಣ್ಣ ಅಂತ ತಿಳಿದ ಮೇಲೆ ಬೈದಳು. ಆಮೇಲೆ ಕೇಳಿದಳು, "ಗೆದ್ರೇನು?"

ಉತ್ತರ ಕೊಟ್ಟವನು ಎಲ್ಲಪ್ಪ.

"ಅವರು ಗೆದ್ರು, ಯಮ್ಮಾ. ನಾವು ನೂಕಿದ್ವಿ."

"ಹ್ಯಾಂಗ ನೂಕಿದ್ರಿ? ತೋರಸ್ರಿ ನೋಡಮು."

ಅಷ್ಟು ಸಾಕಾಯಿತು. ಅಲ್ಲೇ, ಪ್ಲಾಟ್‌ಫಾರ್ಮಿನ ಫರಸಿಯ ಮೇಲೆ, ಎಂಟು ಮಂದಿ ಹೆಗಲು ಹೆಣೆದರು. ಎದುರಿಗೆ ಊರಿನ ಗಂಡಸರು ಹತ್ತು ಹನ್ನೆರಡು ಮಂದಿ ತಲೆ ಕೊಟ್ಟರು. "ಹಚ್ಚೋ ಹೆಗಲು!" ಅಂದ ಮಲ್ಲಣ್ಣ. ಸಾಹೇಬರು ಕೈಯಲ್ಲಿದ್ದ ಟೋಪಿಯನ್ನೇ ಚೆಂಡು ಮಾಡಿ ನಡುವೆ ಉರುಳಿಸಿದರು. ಸ್ಟೇಷನ್ ಮಾಸ್ಟರು ಹಸಿರು ಬಾವುಟ ಹಿಡಿದು ಓಡಿ ಬಂದ, ಬೈಯಲಿಕ್ಕೆ ಬಾಯಿ ತೆರೆದ, ಹಾಗೇ ನೋಡುತ್ತ ನಿಂತುಬಿಟ್ಟ. ನೀಲಮ್ಮ ಎರಡು ಸುತ್ತು ಸುತ್ತಿ ನೋಡಿದಳು. ನಮ್ಮವರು ಒಂದು ಹೆಜ್ಜೆ ಹಿಂದೆ ಸರಿದದ್ದು ಕಂಡದ್ದೇ, "ಸರೀರೋ ಅತ್ಲಾಗ," ಅಂತ ಬಂದು, ತನ್ನ ಮುದಿ ಹೆಗಲನ್ನು ಎಲ್ಲಪ್ಪನ ಬೆನ್ನಿಗೆ ಹಚ್ಚಿ ನೂಕತೊಡಗಿದಳು.